ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಿಂದ ಮೊದಲ ಸಲ ಕ್ಯಾಂಪಿಂಗ್ ಹೊರಟಿದ್ದೀರಾ?

ಕ್ಯಾಲಿಫೋರ್ನಿಯಾದಲ್ಲಿ ವರ್ಷಗಟ್ಟಲೆ ಇದ್ದರೂ ಮುಗಿಲೆತ್ತರದ ರೆಡ್‌ವುಡ್ ಮರಗಳ ಕೆಳಗೆ ಒಂದು ರಾತ್ರಿ ಮಲಗದ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ. ಹೋದರೆ ಹೆಸರಾಂತ ಯೊಸೆಮಿಟಿ ನ್ಯಾಷನಲ್ ಪಾರ್ಕಿಗೇ ಹೋಗಬೇಕು ಅಂತ ಸುಮ್ನೆ ಕಾಯುತ್ತಾರೆ. ಯಾಕೆ ಕಾಯಬೇಕು? ಹತ್ತಿರದ ಸ್ಯಾಂಟಾ ಕ್ರೂಸ್ ಬೆಟ್ಟಗಳಲ್ಲೇ ಬುಟಾನೊ, ಪೋರ್ಟೋಲಾ ರೆಡ್‌ವುಡ್ಸ್ ಅನ್ನುವ ಸ್ಟೇಟ್ ಪಾರ್ಕ್‌ಗಳಿವೆ, ಮೊದಲ ಸಲಕ್ಕೆ ಅವು ಸಾಕು.

ಎಲ್ಲಕ್ಕಿಂತ ಕಷ್ಟ ಅಂದರೆ ಜಾಗ ಸಿಗುವುದು. ರಿಸರ್ವ್‌ಕ್ಯಾಲಿಫೋರ್ನಿಯಾ ವೆಬ್‌ಸೈಟಿನಲ್ಲಿ ಬುಕಿಂಗ್ 6 ತಿಂಗಳು ಮುಂಚೆ, ಬೆಳಿಗ್ಗೆ 8 ಗಂಟೆಗೆ ತೆರೆಯುತ್ತದೆ. ಜುಲೈ 10ಕ್ಕೆ ಬೇಕಿದ್ದರೆ ಜನವರಿ 10ರ ಬೆಳಿಗ್ಗೆ ಲಾಗಿನ್ ಆಗಿ ಕೂತಿರಬೇಕು, ತತ್ಕಾಲ್ ಟಿಕೆಟ್‌ಗೆ ಕೂರುವ ಹಾಗೆ. ಸಿಗಲಿಲ್ಲವಾ? ವಾರದ ನಡುವಿನ ದಿನ ನೋಡಿ, ಅಥವಾ ಯಾರಾದರೂ ರದ್ದು ಮಾಡಿದ್ದಾರಾ ಅಂತ ಆಗಾಗ ಇಣುಕುತ್ತಿರಿ. ಸಾಮಾನ್ಯವಾಗಿ ಒಂದು ಸೈಟಿಗೆ, ಅಂದರೆ ಟೆಂಟ್ ಹಾಕುವ ಒಂದು ಜಾಗಕ್ಕೆ, 8 ಜನ, ಅಷ್ಟೇ. ಎರಡು ಮನೆಯವರು ಸೇರಿ ಹೋಗುವಾಗ ಇದನ್ನು ಲೆಕ್ಕ ಹಾಕಿಕೊಳ್ಳಿ.

ಹೊರಡುವ ಮೊದಲು ಮ್ಯಾಪ್ ಡೌನ್‌ಲೋಡ್ ಮಾಡಿ, ಪೆಟ್ರೋಲ್ ತುಂಬಿಸಿ. ಬೆಟ್ಟದೊಳಗೆ ಫೋನ್ ಸಿಗ್ನಲ್ ನಂಬಬೇಡಿ.

ಬೆಳಕಿರುವಾಗಲೇ ತಲುಪಿ ಟೆಂಟ್ ಹಾಕಿ. ಬೇಸಿಗೆಯಲ್ಲೂ ಈ ಮರಗಳ ಕೆಳಗೆ ರಾತ್ರಿ ಚಳಿ, ಅದೂ ಜಾಸ್ತಿ ಬರುವುದು ನೆಲದಿಂದ. ಮೇಲೆ ಎರಡು ಕಂಬಳಿ ಹೊದ್ದರೂ ಅಡಿಯಲ್ಲಿ ದಪ್ಪ ಮ್ಯಾಟ್ ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ. ಸೌದೆಗೆ ಅಂತ ಬಿದ್ದ ಕೊಂಬೆ ಆರಿಸುವ ಹಾಗಿಲ್ಲ, ಕೊಂಡುಕೊಳ್ಳಬೇಕು. ಒಣ ತಿಂಗಳುಗಳಲ್ಲಿ ಬೆಂಕಿಯನ್ನೇ ನಿಷೇಧಿಸಬಹುದು, ಆದ್ದರಿಂದ ಗ್ಯಾಸ್ ಸ್ಟೌವ್ ಜೊತೆಗಿರಲಿ. 2020ರ ಕಾಡ್ಗಿಚ್ಚಿನಲ್ಲಿ ಪಕ್ಕದ ಬಿಗ್ ಬೇಸಿನ್ ಪಾರ್ಕಿನ ಕಟ್ಟಡಗಳೆಲ್ಲ ಹೆಚ್ಚುಕಡಿಮೆ ಬೂದಿಯಾದವು. 1902ರಿಂದ ಇದ್ದ, ರಾಜ್ಯದ ಅತಿ ಹಳೆಯ ಸ್ಟೇಟ್ ಪಾರ್ಕ್ ಅದು.

ಇನ್ನು ಊಟ. ಚಿತ್ರಾನ್ನ, ಚಪಾತಿ, ಚುರುಮುರಿ ಏನು ಬೇಕಾದರೂ ಒಯ್ಯಿರಿ, ಆದರೆ ಒಂದು ಅಗುಳೂ ನೆಲದ ಮೇಲೆ ಉಳಿಯಬಾರದು. ರ‍್ಯಾಕೂನ್ ಅನ್ನುವ ಪ್ರಾಣಿಯ ಕಾಟ ಅಂತ ಮಾತ್ರ ಅಲ್ಲ. ಮಾರ್ಬಲ್ಡ್ ಮರ್ರೆಲೆಟ್ ಅನ್ನುವ ಕಡಲ ಹಕ್ಕಿ ಇಲ್ಲಿನ ಹಳೆಯ ಮರಗಳ ಎತ್ತರದ, ಪಾಚಿ ಕಟ್ಟಿದ ಕೊಂಬೆಯ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತದೆ. ಎಷ್ಟೋ ವರ್ಷ ಯಾರಿಗೂ ಅದರ ಗೂಡು ಸಿಕ್ಕಿರಲಿಲ್ಲ. ಕೊನೆಗೆ 1974ರಲ್ಲಿ, ಅದೇ ಬಿಗ್ ಬೇಸಿನ್‌ನಲ್ಲಿ, ಮರ ಹತ್ತಿದವರೊಬ್ಬರ ಕಣ್ಣಿಗೆ ಬಿತ್ತು. ನಾವು ಚೆಲ್ಲಿದ ತಿಂಡಿಗೆ ನೀಲಿ ಬಣ್ಣದ ಜೇ ಹಕ್ಕಿಗಳು, ಕಾಗೆ ಜಾತಿಯ ರೇವನ್‌ಗಳು ಗುಂಪುಗೂಡುತ್ತವೆ. ಬಂದವು ಸುಮ್ಮನೆ ಹೋಗುವುದಿಲ್ಲ, ಆ ಮೊಟ್ಟೆ, ಮರಿಗಳನ್ನೂ ತಿನ್ನುತ್ತವೆ. ಹಕ್ಕಿಗೆ ಅನ್ನ ಹಾಕುವುದು ಪುಣ್ಯ ಅಂತ ಬೆಳೆದವರು ನಾವು, ಇಲ್ಲಿ ಮಾತ್ರ ಆ ಪುಣ್ಯ ಬೇಡ. ಪಾತ್ರೆ ತೊಳೆದ ನೀರನ್ನೂ ಗಿಡದ ಬುಡಕ್ಕೆ ಚೆಲ್ಲಬೇಡಿ. ಉಳಿದ ಊಟವನ್ನು ಸೈಟಿನಲ್ಲಿರುವ ಲಾಕರಿನಲ್ಲಿಟ್ಟು ಚಿಲಕ ಹಾಕಿ.

ಬೆಳಿಗ್ಗೆ ನಡೆಯಲು ಬುಟಾನೊದಲ್ಲಿ ತೊರೆಯ ಪಕ್ಕದ ಲಿಟಲ್ ಬುಟಾನೊ ಕ್ರೀಕ್ ಟ್ರೇಲ್ ಇದೆ, ಮಕ್ಕಳೂ ನಡೆಯಬಹುದು. ನಾಯಿಯನ್ನು ಟ್ರೇಲ್‌ಗೆ ಬಿಡುವುದಿಲ್ಲ. ದಾರಿ ಬಿಟ್ಟು ಪೊದೆಗೆ ನುಗ್ಗಬೇಡಿ: ಮೂರು ಮೂರು ಎಲೆಯ ಪಾಯಿಸನ್ ಓಕ್ ಗಿಡ ತಾಗಿದರೆ ವಾರಗಟ್ಟಲೆ ತುರಿಕೆ. ತಾಗಿದೆ ಅನ್ನಿಸಿದರೆ ತಕ್ಷಣ ಸೋಪು ಹಾಕಿ ತೊಳೆಯಿರಿ, ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ರಕ್ತ ಹೀರುವ ಉಣ್ಣಿ (ಟಿಕ್) ಹತ್ತಿದೆಯಾ ಅಂತ ಮಕ್ಕಳ ಕಿವಿ ಹಿಂದೆ, ಮಂಡಿ ಸಂದಿಯಲ್ಲಿ ನೋಡಿ. ಸೈಟು ಖಾಲಿ ಮಾಡಲು ಸಾಮಾನ್ಯವಾಗಿ ಮಧ್ಯಾಹ್ನ 12ರವರೆಗೆ ಸಮಯ ಇರುತ್ತದೆ.