ಕೊನೆಯಿಂದ ಎರಡನೆಯ ಚೀಟಿ

ಹಳ್ಳಿಯ ಹಾಲಿನ ಡೇರಿಗಳಿಗೆ ಲೆಕ್ಕದ ತಂತ್ರಾಂಶ ಬರೆಯುತ್ತಿದ್ದ ದಿನಗಳ ಮಾತು ಇದು. ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಪ್ರತಿ ರೈತನ ಹೆಸರಿಗೆ ಚೀಟಿ ಬೀಳುತ್ತಿತ್ತು. ಮನೆಯಲ್ಲಿ ಹಬ್ಬವಿದ್ದರೆ ಡೇರಿಗೆ ಹಾಲು ಬಾರದು. ಆ ಹೊತ್ತಿನ ಚೀಟಿಯಲ್ಲಿ ಸೊನ್ನೆ ಲೀಟರ್. ಸರಾಸರಿ ಕಟ್ಟುವ ಮೊದಲು ಈ ಸೊನ್ನೆ ಚೀಟಿಗಳನ್ನು ಪಟ್ಟಿಯಿಂದ ತೆಗೆಯಬೇಕಿತ್ತು. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೂರೇ ಸಾಲು: ಪಟ್ಟಿಯ ಚೀಟಿಗಳನ್ನು ಒಂದೊಂದಾಗಿ ನೋಡುವ ಫಾರ್ ಲೂಪ್, ಒಳಗೆ ಸೊನ್ನೆಯೇ ಎಂದು ಕೇಳುವ ಇಫ್, ಅದರೊಳಗೆ ಅದೇ ಪಟ್ಟಿಯಿಂದ ಚೀಟಿಯನ್ನು ತೆಗೆಯುವ ರಿಮೂವ್.

ಜಾವಾ ಬಲ್ಲವರು ಇಷ್ಟಕ್ಕೇ ಹುಬ್ಬು ಗಂಟಿಕ್ಕಿರುತ್ತಾರೆ. ಲೂಪ್ ಓಡುತ್ತಿರುವಾಗ ಪಟ್ಟಿಗೆ ಕೈ ಹಾಕಿದರೆ ಕಾನ್‌ಕರೆಂಟ್ ಮಾಡಿಫಿಕೇಷನ್ ಎಕ್ಸೆಪ್ಷನ್ ಎಂಬ, ಓಟವನ್ನು ನಡುವೆಯೇ ನಿಲ್ಲಿಸುವ ದೋಷಸೂಚನೆ ಬರುತ್ತದೆ ಎಂಬುದು ನನಗೂ ಗೊತ್ತಿತ್ತು. ಆದರೆ ಕೋಡನ್ನು ಓಡಿಸಿ ಪರೀಕ್ಷಿಸುವ ಟೆಸ್ಟ್ ಬರೆದಿದ್ದೆ, ಅದು ಹಸಿರಾಗಿತ್ತು, ಎಂದರೆ ಪಾಸಾಗಿತ್ತು. ಹಸಿರು ಕಂಡ ಮೇಲೆ ಗೊತ್ತಿದ್ದದ್ದೂ ಮರೆತುಹೋಗುತ್ತದೆ.

ಟೆಸ್ಟಿನಲ್ಲಿ ಇದ್ದದ್ದು ಮೂರು ಚೀಟಿ: 4.5, 0, 5.2. ಸೊನ್ನೆಯನ್ನು ನಡುವೆ ಇಡುವುದು ಕೈಗೆ ಬಂದ ಅಭ್ಯಾಸ. ಅಲ್ಲಿದ್ದರೆ ಪರೀಕ್ಷೆ ಸರಿಯಾಗಿ ಆದಂತೆ ಅನಿಸುತ್ತದೆ. ವಾರ ಕಳೆಯುವಷ್ಟರಲ್ಲಿ ಒಂದು ಡೇರಿಯಿಂದ ಫೋನ್ ಬಂತು, ಬಿಲ್ ಬರುವ ಜಾಗದಲ್ಲಿ ಎಕ್ಸೆಪ್ಷನ್ ಬಂದಿದೆ ಎಂದು. ಅಲ್ಲಿ ಸೊನ್ನೆ ಮೊದಲ ಚೀಟಿಯಲ್ಲೇ ಇತ್ತು.

ನಾನು ಬಳಸಿದ್ದ ಜಾವಾ ಪಟ್ಟಿ ಅರೇಲಿಸ್ಟಿನ ಮೂಲ ಕೋಡನ್ನು ತೆರೆದು ಓದಿದಾಗ ಗುಟ್ಟು ಸಿಕ್ಕಿತು. ಲೂಪ್ ಪ್ರತಿ ಸುತ್ತಿನಲ್ಲೂ ಇನ್ನೂ ಚೀಟಿ ಇದೆಯೇ ಎಂದು ಹ್ಯಾಸ್‌ನೆಕ್ಸ್ಟನ್ನು ಕೇಳಿ, ಇದ್ದರೆ ನೆಕ್ಸ್ಟ್ ಕರೆದು ಮುಂದಿನ ಚೀಟಿ ಪಡೆಯುತ್ತದೆ. ಪಟ್ಟಿ ಬದಲಾಗಿದೆಯೇ ಎಂದು ನೋಡುವುದು ನೆಕ್ಸ್ಟ್ ಎಂಬ ಮೆಥಡ್, ಹ್ಯಾಸ್‌ನೆಕ್ಸ್ಟ್ ಅಲ್ಲ. ಹ್ಯಾಸ್‌ನೆಕ್ಸ್ಟ್ ಕೇಳುವುದು ಒಂದೇ ಪ್ರಶ್ನೆ: ನಾನು ನಿಂತಿರುವ ಸ್ಥಾನವೂ ಪಟ್ಟಿಯ ಉದ್ದವೂ ಬೇರೆಬೇರೆಯೇ? ಮೂರರ ಪಟ್ಟಿಯಲ್ಲಿ ಎರಡನೆಯದನ್ನು ಓದಿದ ಮೇಲೆ ಸ್ಥಾನ 2. ಅದನ್ನು ತೆಗೆದರೆ ಉದ್ದವೂ 2. ಎರಡೂ ಸಮ, ಹಾಗಾಗಿ ಲೂಪ್ ಸದ್ದಿಲ್ಲದೆ ಮುಗಿಯುತ್ತದೆ. ನೆಕ್ಸ್ಟನ್ನು ಯಾರೂ ಕರೆಯುವುದಿಲ್ಲ, ಎಕ್ಸೆಪ್ಷನ್ ಏಳುವುದಿಲ್ಲ, ಮೂರನೆಯ ಚೀಟಿಯನ್ನು ಯಾರೂ ನೋಡುವುದೂ ಇಲ್ಲ. ಪಟ್ಟಿಯಲ್ಲಿ ಮೊದಲ ಸೊನ್ನೆ ಕೊನೆಯಿಂದ ಎರಡನೆಯ ಜಾಗದಲ್ಲಿದ್ದರೆ ಮಾತ್ರ ಹೀಗಾಗುತ್ತದೆ. ನನ್ನ ಟೆಸ್ಟು ಸೊನ್ನೆಯನ್ನು ಸರಿಯಾಗಿ ಅಲ್ಲಿಯೇ ಇಟ್ಟಿತ್ತು!

ಎಕ್ಸೆಪ್ಷನ್ ಬಂದದ್ದು ನಮ್ಮ ಪುಣ್ಯ. ಚೀಟಿಗಳು 4.5, 0, 0 ಎಂದು ಇದ್ದಿದ್ದರೆ? ನಡುವಿನ ಸೊನ್ನೆ ಹೋಗಿ, ಕೊನೆಯ ಸೊನ್ನೆ ಉಳಿದು, ಸರಾಸರಿ 4.5 ಬರಬೇಕಾದಲ್ಲಿ 2.25 ಬರುತ್ತಿತ್ತು. ಯಾವ ಗದ್ದಲವೂ ಇಲ್ಲ. ಈ ಎಕ್ಸೆಪ್ಷನ್ ಬಂದೇ ಬರುತ್ತದೆಂದು ನೆಚ್ಚಬಾರದು ಎಂದು ಜಾವಾದ ದಾಖಲೆಯಲ್ಲೇ ಬರೆದಿದೆ. ನಾನು ಅದನ್ನು ಓದಿದ್ದು ಪೆಟ್ಟು ತಿಂದ ಮೇಲೆ.

ಕೋಡನ್ನು ತಿದ್ದುವುದು ಸುಲಭವಿತ್ತು. ಜಾವಾ 8ರಿಂದ ರಿಮೂವ್‌ಇಫ್ ಇದೆ, ಷರತ್ತಿಗೆ ಹೊಂದುವುದನ್ನೆಲ್ಲ ತೆಗೆಯಲು ಒಂದೇ ಸಾಲು. ತಿದ್ದಬೇಕಾಗಿದ್ದದ್ದು ಟೆಸ್ಟನ್ನು. ಚಂದದ ಉದಾಹರಣೆಗಳನ್ನು ಆರಿಸುವ ಕೆಲಸವನ್ನೇ ನನ್ನ ಕೈಯಿಂದ ಕಿತ್ತುಕೊಂಡೆ. ಖಾಲಿ ಪಟ್ಟಿಯಿಂದ ಹಿಡಿದು ನಾಲ್ಕು ಚೀಟಿಯವರೆಗೆ, ಪ್ರತಿ ಜಾಗದಲ್ಲಿ ಸೊನ್ನೆ ಅಥವಾ ಸೊನ್ನೆಯಲ್ಲದ್ದು, ಹೀಗೆ ಸಾಧ್ಯವಿರುವ ಎಲ್ಲ ಪಟ್ಟಿಗಳನ್ನೂ ಪುಟ್ಟ ಲೂಪೊಂದು ಹುಟ್ಟಿಸುವಂತೆ ಮಾಡಿದೆ. 1, 2, 4, 8, 16: ಒಟ್ಟು 31. ಜಾವಾದ ಟೆಸ್ಟ್ ಸಲಕರಣೆಯಾದ ಜೆಯೂನಿಟ್‌ನಲ್ಲಿ ಒಂದೇ ಟೆಸ್ಟನ್ನು ಬೇರೆಬೇರೆ ಪಟ್ಟಿಗಳ ಮೇಲೆ ಓಡಿಸುವ ಪ್ಯಾರಾಮೀಟರ್ ಟೆಸ್ಟಿಗೆ ಇವನ್ನು ಕೊಟ್ಟು, ಹಳೆಯ ಕೋಡನ್ನೇ ಮೊದಲು ಓಡಿಸಿದೆ. 20ರಲ್ಲಿ ಎಕ್ಸೆಪ್ಷನ್, 8ರಲ್ಲಿ ಸರಿ, ಉಳಿದ 3ರಲ್ಲಿ ಮೌನವಾಗಿ ತಪ್ಪು ಉತ್ತರ. ಆ ಮೂರು ಪಟ್ಟಿಗಳನ್ನು ನಾನಾಗಿ ಎಂದೂ ಯೋಚಿಸಿ ಬರೆಯುತ್ತಿರಲಿಲ್ಲ.

ಆಮೇಲೆ ಇನ್ನೊಬ್ಬರು ಲಿಸ್ಟ್ ಆಫ್ ಬಳಸಿ ಕಟ್ಟಿದ ಪಟ್ಟಿಯನ್ನು ಕೊಟ್ಟರು. ಅದು ಬದಲಾಗದ ಪಟ್ಟಿ, ರಿಮೂವ್‌ಇಫ್ ಅಲ್ಲೇ ಕುಸಿಯಿತು. ಈಗ ಬಂದ ಪಟ್ಟಿಯನ್ನು ಮುಟ್ಟದೆ ಹೊಸ ಪಟ್ಟಿಯನ್ನು ಹಿಂದಿರುಗಿಸುತ್ತೇನೆ. ಮೂಲ ಪಟ್ಟಿ ಹಾಗೆಯೇ ಉಳಿದಿದೆಯೇ ಎಂದು ಟೆಸ್ಟು ನೋಡುತ್ತದೆ.

ಇದರ ಬಿಸಿಯಲ್ಲೇ ನಮ್ಮದೇ ಇಟರೇಬಲ್ ಕ್ಲಾಸುಗಳನ್ನೂ, ಎಂದರೆ ಫಾರ್ ಲೂಪ್ ಸುತ್ತಬಲ್ಲಂತೆ ನಾವೇ ಬರೆದ ಕೋಡಿನ ಘಟಕಗಳನ್ನೂ, ಹಿಡಿದು ನೋಡಿದೆ. ಒಂದು ಕ್ಲಾಸು, ಎಲ್ಲಿಯವರೆಗೆ ಓದಿದೆ ಎಂದು ನೆನಪಿಡುವ ಇಟರೇಟರನ್ನು ತಾನು ಹುಟ್ಟುವಾಗಲೇ, ಕನ್‌ಸ್ಟ್ರಕ್ಟರಿನಲ್ಲೇ, ಹುಟ್ಟಿಸಿ, ಕೇಳಿದವರಿಗೆಲ್ಲ ಅದನ್ನೇ ಕೊಡುತ್ತಿತ್ತು. ಒಮ್ಮೆ ಸುತ್ತಿದರೆ ಸರಿ, ಎರಡನೆಯ ಬಾರಿ ಖಾಲಿ. ಮೂರು ಚೀಟಿ ತುಂಬಿ, ಲೂಪಿನೊಳಗೆ ಲೂಪ್ ಇಟ್ಟು ಜೋಡಿಗಳನ್ನು ಎಣಿಸಿದೆ: ಬರಬೇಕಾದದ್ದು 9, ಬಂದದ್ದು 2. ಒಳಗಿನ ಲೂಪ್ ಹೊರಗಿನದರ ಪಾಲನ್ನೂ ತಿಂದಿತ್ತು. ಮತ್ತೊಂದು ಕ್ಲಾಸಿನಲ್ಲಿ ಹ್ಯಾಸ್‌ನೆಕ್ಸ್ಟ್ ಕರೆದಾಗಲೆಲ್ಲ ಕಡತದ ಒಂದು ಸಾಲು ಮುಂದೆ ಹೋಗುತ್ತಿತ್ತು. ಫಾರ್ ಲೂಪ್ ಸುತ್ತಿಗೊಮ್ಮೆ ಮಾತ್ರ ಅದನ್ನು ಕೇಳುವುದರಿಂದ ವರ್ಷಗಟ್ಟಲೆ ಯಾರಿಗೂ ಕಂಡಿರಲಿಲ್ಲ. ಟೆಸ್ಟಿನಲ್ಲಿ ಅದನ್ನು ಐದು ಬಾರಿ ಕೇಳಿ ಆಮೇಲೆ ಒಮ್ಮೆ ನೆಕ್ಸ್ಟ್ ಎಂದೆ. ಐದನೆಯ ಸಾಲು ಬಂತು. ಇಂಥ ಹಿಂದುಮುಂದಿನ ಕರೆಗಳನ್ನೆಲ್ಲ ತಾನೇ ಹೊಂದಿಸಿ ನೋಡುವ ಸಲಕರಣೆ ಗೂಗಲ್‌ನ ಗ್ವಾವಾ ಎಂಬ ಜಾವಾ ಲೈಬ್ರರಿಯ ಟೆಸ್ಟ್ ಭಾಗದಲ್ಲಿದೆ. ಅದನ್ನು ಬಳಸಲು ಕಲಿತದ್ದು ಬಹಳ ತಡವಾಗಿ.

ಮೂರು ಸಾಲಿನ ಕೋಡಿಗೆ 31 ಟೆಸ್ಟೇ ಎಂದು ಕೋಡ್ ಪರಿಶೀಲಿಸುತ್ತಿದ್ದ ಹಿರಿಯರು ಕೇಳಿದರು. ಉತ್ತರವಾಗಿ ಹಳೆಯ ಮೂರು ಸಾಲನ್ನು ಮತ್ತೆ ಹಾಕಿ ಅವರ ಮುಂದೆಯೇ ಓಡಿಸಿದೆ. ಅವರು ಪರದೆಯನ್ನು ನೋಡಿ, ಕೆಂಪಾದ 23ರಲ್ಲಿ ಎಕ್ಸೆಪ್ಷನ್ ಇಲ್ಲದ ಆ ಮೂರನ್ನು ಬೆರಳಿಟ್ಟು ಎಣಿಸಿ, ಒಪ್ಪಿಗೆಯ ಗುಂಡಿ ಒತ್ತಿದರು.