ಆಶ್ಲೇಷ ಮಳೆಯಲ್ಲಿ ಹತ್ತಡಿ ರೂಮು

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಒಂದು ಆಟದ ರೆಸಾರ್ಟಿನಲ್ಲಿ, ಅಲ್ಲಿರುವ ಎಲ್ಲಕ್ಕಿಂತ ಚಿಕ್ಕ ರೂಮಿನಲ್ಲಿ, ನಾಲ್ಕು ಜನ ಉಳಿದು ಬಂದೆವು ಅಂದರೆ ನೆಂಟರೆಲ್ಲ ಕೇಳುವುದು ಒಂದೇ. "ಹೇಗೆ ಮಲಗಿದ್ರಿ?" ಮಲಗುವುದು ಕಷ್ಟವೇ ಅಲ್ಲ. ಮದುವೆ ಮನೆಯಲ್ಲಿ ಇದಕ್ಕಿಂತ ಇಕ್ಕಟ್ಟಿನಲ್ಲಿ ಮಲಗಿ ಎದ್ದವರು ನಾವೆಲ್ಲ. ಮಲೆನಾಡಿನಲ್ಲಿ, ಅದೂ ಆಗಸ್ಟ್ ತಿಂಗಳಲ್ಲಿ, ಚಿಕ್ಕ ರೂಮಿನ ಕಷ್ಟ ಬೇರೆಯೇ ಇದೆ. ಅದು ಒದ್ದೆ. ಒದ್ದೆ ಬಟ್ಟೆ, ಒದ್ದೆ ಕೊಡೆ, ಒದ್ದೆ ಚಪ್ಪಲಿ, ಒದ್ದೆ ಮಕ್ಕಳು. ಇವನ್ನೆಲ್ಲ ರೂಮಿನ ಹೊರಗೇ ಇಡುವ ದಾರಿ ಹುಡುಕಿಕೊಂಡರೆ ಹತ್ತಡಿ ಧಾರಾಳ ಸಾಕು.

ನಾವಿರುವುದು ಶಿವಮೊಗ್ಗದಲ್ಲಿ. ನಾನು, ನಮ್ಮನೆಯವರು, ಏಳನೇ ಕ್ಲಾಸಿನ ಮಗಳು, ಎರಡನೇ ಕ್ಲಾಸಿನ ಮಗ. ಆಗಸ್ಟ್ 15ರ ರಜೆಗೆ ಹೊರಟಿದ್ದು. ಆ ದಿನಗಳಲ್ಲಿ ಜೋಗದ ಸುತ್ತಮುತ್ತ ರೂಮು ಸಿಗುವುದೇ ಕಷ್ಟ, ಬೆಂಗಳೂರಿನ ಕಾರುಗಳೆಲ್ಲ ಇಲ್ಲೇ ಇರುತ್ತವೆ. ಕಾಟೇಜುಗಳೂ ಇದ್ದವು, ಆದರೆ ರೇಟು ಕೇಳಿ ಸುಮ್ಮನಾದೆವು. ರೇಟಿನ ಜೊತೆ ತೆರಿಗೆಯನ್ನೂ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5. ಅದನ್ನು ದಾಟಿದರೆ ಶೇ 18. ಅಂದರೆ 8,000 ರೂಪಾಯಿಯ ಕಾಟೇಜಿಗೆ 1,440 ತೆರಿಗೆಯೇ ಆಗುತ್ತದೆ, 3,500ರ ರೂಮಿಗೆ 175. ಬೆಳಗ್ಗೆಯಿಂದ ಸಂಜೆವರೆಗೆ ಜಾರುಬಂಡೆ, ವೇವ್ ಪೂಲ್, ಜಿಪ್‌ಲೈನ್ ಅಂತ ಹೊರಗೇ ಇರುವವರಿಗೆ ಕಾಟೇಜಿನ ಸೋಫಾ ಯಾಕೆ ಅಲ್ವಾ?

ಫೋಟೋ ನೋಡಿ ರೂಮಿನ ಅಳತೆ ತಿಳಿಯುವುದಿಲ್ಲ. ಮೂಲೆಯಲ್ಲಿ ನಿಂತು ವೈಡ್ ಲೆನ್ಸಿನಲ್ಲಿ ತೆಗೆದರೆ ದೇವರ ಕೋಣೆಯೂ ಕಲ್ಯಾಣ ಮಂಟಪವಾಗುತ್ತದೆ. ನಾನು ಮಾಡಿದ್ದು ಇಷ್ಟೆ. ಫೋನ್ ಮಾಡಿ, ಮಂಚ ಪೂರ್ತಿ ಕಾಣುವ ಹಾಗೆ ನೆಲದ ಫೋಟೋ ವಾಟ್ಸಾಪ್ ಮಾಡಿ ಅಂದೆ. ಈಗ ಎಲ್ಲ ಕಡೆ ಹಾಕುವುದು ಎರಡಡಿಯ ಟೈಲ್ಸ್. ಗೋಡೆಯಿಂದ ಗೋಡೆಗೆ ಎಣಿಸಿದೆ: ಐದು, ಆ ಕಡೆಗೂ ಐದು. ಹತ್ತಡಿಗೆ ಹತ್ತಡಿ. ಅದರಲ್ಲಿ ಮಂಚವೇ ಆರಡಿಗೆ ಆರೂವರೆ ಅಡಿ. ಉಳಿದದ್ದು ಮಂಚದ ಪಕ್ಕ ಎರಡು ಟೈಲಿನ ಓಣಿ, ಕಾಲ ಕಡೆ ಒಂದೂ ಮುಕ್ಕಾಲು ಟೈಲು. ಬಾಗಿಲು ಒಳಕ್ಕೆ ತೆರೆಯುತ್ತದೆ, ಅಷ್ಟು ಜಾಗವನ್ನು ಅದೂ ತಿನ್ನುತ್ತದೆ. ಇಷ್ಟು ಮೊದಲೇ ಗೊತ್ತಿದ್ದರಿಂದ ಟ್ರಾಲಿ ಸೂಟ್‌ಕೇಸ್ ಅಟ್ಟದಲ್ಲೇ ಉಳಿಯಿತು. ಅದನ್ನು ಬಿಚ್ಚಿ ಹರವಿದರೆ ನಾಲ್ಕು ಟೈಲು ಹೋಯಿತು, ಆಮೇಲೆ ನಾವು ಹಾರಿಕೊಂಡು ಓಡಾಡಬೇಕು.

ಫೋನಿನಲ್ಲಿ ಇನ್ನೂ ಕೆಲವು ಕೇಳಿದೆ. ಮೇಲೆ ಶೀಟಾ, ಆರ್‌ಸಿಸಿನಾ? ಶೀಟ್ ಆದರೆ ಮಲೆನಾಡಿನ ಮಳೆಗೆ ರಾತ್ರಿಯಿಡೀ ತಮಟೆ, ಮಗ ಎದ್ದು ಕೂರುತ್ತಾನೆ. ಕಿಟಕಿ ಎಲ್ಲಿಗೆ ತೆರೆಯುತ್ತದೆ? ಪಾರ್ಕಿನ ಟಿಕೆಟ್ ರೂಮಿನ ದುಡ್ಡಲ್ಲೇ ಬಂತಾ, ಬೇರೆಯಾ? ಕರೆಂಟ್ ಹೋದರೆ ಜನರೇಟರಿನಲ್ಲಿ ಗೀಸರ್ ನಡೆಯುತ್ತಾ? ಕೊನೆಯದಕ್ಕೆ ಆ ಹುಡುಗ "ಇಲ್ಲ ಮೇಡಂ, ಲೈಟು ಫ್ಯಾನು ಮಾತ್ರ" ಅಂದ. ನಿಜ ಹೇಳಿದನಲ್ಲ, ಅದೇ ಸಮಾಧಾನ.

ಬ್ಯಾಗುಗಳನ್ನು ಆಳಿಗೊಂದರಂತೆ ಕಟ್ಟಲಿಲ್ಲ, ಹೊತ್ತಿಗೊಂದರಂತೆ ಕಟ್ಟಿದೆ. ನೀರಾಟಕ್ಕೆ ಒಂದು, ರಾತ್ರಿಗೆ ಒಂದು, ಮರುದಿನಕ್ಕೆ ಒಂದು. ಎಲ್ಲ ಮೆತ್ತನೆ ಬಟ್ಟೆ ಬ್ಯಾಗು, ಮಂಚದ ಕೆಳಗೆ ತೂರುವಂಥವು. ಆಳಿಗೊಂದು ಬ್ಯಾಗಾದರೆ ಏನಾಗುತ್ತದೆ ಗೊತ್ತಲ್ಲ, ಒಬ್ಬೊಬ್ಬರು ಒಂದೊಂದು ಟವೆಲ್ಲಿಗೆ ನಾಲ್ಕೂ ಬ್ಯಾಗು ಬಾಯಿ ತೆರೆದು ಮಂಚದ ಮೇಲೆ ಕೂರುತ್ತವೆ. ನಮ್ಮ ರೂಮಿಗೆ ಒಂದು ಹೊತ್ತಿಗೆ ಒಂದೇ ಬ್ಯಾಗು ಬಂತು. ಉಳಿದದ್ದು ಕಾರಿನ ಡಿಕ್ಕಿಯಲ್ಲೇ. ನಮ್ಮನೆಯವರಿಗೆ ಮಳೆಯಲ್ಲಿ ಕಾರಿನವರೆಗೆ ಓಡುವ ಕೆಲಸ ಬಿತ್ತು. ಗೊಣಗಿದರು, ಓಡಿದರು.

ಇನ್ನು ನೀರಾಟ. ಹೊರಗೆ ಆಶ್ಲೇಷ ಮಳೆ ಧೋ ಅಂತ ಸುರಿಯುತ್ತಿದೆ. ಒಳಗೆ ಪೈಪಿನಲ್ಲಿ ಬಿಡುವ ಮಳೆಗೆ ಕುಣಿಯಲು ಜನ ಸಾಲಾಗಿ ನಿಂತಿದ್ದಾರೆ. ಫೋನಿನಲ್ಲಿ ಹೇಳಿದರೆ ಅತ್ತೆ ನಂಬಲೇ ಇಲ್ಲ. "ಅಂಗಳಕ್ಕೆ ಇಳಿದಿದ್ರೆ ಪುಕ್ಕಟೆ ಸಿಗ್ತಿತ್ತಲ್ಲೇ ಮಾರಾಯ್ತಿ" ಅಂದರು.

ಇಂಥ ಪಾರ್ಕುಗಳಲ್ಲಿ ನೈಲಾನ್ ಬಟ್ಟೆ ಕಡ್ಡಾಯ ಮಾಡುತ್ತಾರೆ. ಗೇಟಿನಲ್ಲಿ ಬಾಡಿಗೆಗೂ ಸಿಗುತ್ತದೆ, ನಾವು ಮನೆಯಿಂದಲೇ ಒಯ್ದಿದ್ದೆವು. ಚಿಕ್ಕ ರೂಮಿನವರಿಗೆ ಈ ನಿಯಮ ಒಳ್ಳೆಯದೇ. ನೈಲಾನ್ ನೀರು ಹಿಡಿದುಕೊಳ್ಳುವುದು ಕಮ್ಮಿ. ಚೆನ್ನಾಗಿ ಹಿಂಡಿ, ಒಣ ಟವೆಲ್ಲಿನಲ್ಲಿ ಸುರುಳಿ ಸುತ್ತಿ, ಅದರ ಮೇಲೆ ಮೊಣಕಾಲೂರಿ ಒತ್ತಿದರೆ ಅರ್ಧ ನೀರು ಟವೆಲ್ಲಿಗೆ ಹೋಗುತ್ತದೆ. ಆಮೇಲೆ ಫ್ಯಾನಿನ ಕೆಳಗೆ ಹಾಕಿದರೆ ಬೆಳಗಾಗುವುದರೊಳಗೆ ಆರುತ್ತದೆ. ಕಾಟನ್ ಹಾಗಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕಾಟನ್ ಬನಿಯನ್ನು ರೂಮಿನಲ್ಲಿ ನೇತು ಹಾಕಿದರೆ ಎರಡನೇ ದಿನವೂ ಮುಟ್ಟಿದರೆ ತಣ್ಣಗೇ. ಜೊತೆಗೆ ಆ ನೀರೆಲ್ಲ ರೂಮಿನ ಗಾಳಿಗೇ ಸೇರುತ್ತದೆ. ಗಾಳಿ ಮೊದಲೇ ತೇವದಿಂದ ತುಂಬಿರುತ್ತದೆ, ಅದರ ಮೇಲೆ ನಾಲ್ಕು ಜನರ ಉಸಿರು. ಬೆಳಗ್ಗೆ ಹೊದಿಕೆ ಮುಟ್ಟಿದರೆ ಮುಗ್ಗಲು. ಮಂಚದ ಹಿಂದಿನ ಗೋಡೆಯಲ್ಲಿ ಅಷ್ಟೊಂದು ಬೂಷ್ಟು ಯಾಕೆ ಬಂದಿತ್ತು ಅಂತ ಬೇರೆ ಹೇಳಬೇಕಾಗಿಲ್ಲ.

ಹಾಗಾಗಿ ಸ್ನಾನವನ್ನೂ ಪಾರ್ಕಿನ ಚೇಂಜಿಂಗ್ ರೂಮಿನಲ್ಲೇ ಮುಗಿಸಿದೆವು. ಅಲ್ಲಿ ಬಿಸಿನೀರು ಬರುತ್ತಿತ್ತು. ಸಂಜೆ ಐದಕ್ಕೆ ಪಾರ್ಕ್ ಮುಚ್ಚುವಾಗ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ನಾವು ಮುಕ್ಕಾಲು ಗಂಟೆ ಮೊದಲೇ ಹೊರಟೆವು. ಮಗ ಅತ್ತ. ಲಾಕರಿನಲ್ಲಿಟ್ಟ ಒಣ ಬಟ್ಟೆ ಹಾಕಿಕೊಂಡು, ಒದ್ದೆಯದನ್ನೆಲ್ಲ ಒಂದು ರಬ್ಬರ್ ಬಕೆಟ್ಟಿಗೆ ತುಂಬಿ, ಒಣ ತಲೆಯಲ್ಲಿ ರೂಮಿಗೆ ಬಂದೆವು. ಆ ಮಡಚುವ ಬಕೆಟ್ ನನ್ನದೇ, ಮನೆಯಿಂದ ಒಯ್ದಿದ್ದು. ಪ್ಲಾಸ್ಟಿಕ್ ಕವರು ಸೋರುತ್ತದೆ.

ಬೆಳಗಿನ ಸ್ನಾನ ಮಾತ್ರ ರೂಮಿನದೇ. ಬಚ್ಚಲು ನಾಲ್ಕಡಿ ಅಗಲ, ಗೋಡೆಗೆ ಮೂರು ಲೀಟರಿನ ಗೀಸರು. ಇದು ನಮ್ಮ ಕಡೆಯ ಹಂಡೆಯಂತಲ್ಲ, ಒಂದು ಸಲ ಕಾಯಿಸಿಟ್ಟರೆ ಮನೆಮಂದಿಗೆಲ್ಲ ಆಗುವುದಿಲ್ಲ. ಒಳಗಿನ ಮೂರು ಲೀಟರ್ ಕಾಯಲು ಎರಡು ನಿಮಿಷ ಸಾಕು, ಆದರೆ ನಲ್ಲಿ ಪೂರ್ತಿ ತಿರುಗಿಸಿದರೆ ಅದು ಕ್ಷಣದಲ್ಲಿ ಖಾಲಿ. ಆಮೇಲೆ ಬರುವುದು ಉಗುರು ಬೆಚ್ಚಗೆ. ನಲ್ಲಿಯನ್ನು ಸಣ್ಣಗೆ, ನಿಮಿಷಕ್ಕೆ ಒಂದೂವರೆ ಲೀಟರ್ ಬೀಳುವ ಹಾಗೆ ಬಿಟ್ಟರೆ ಮೂರು ಕಿಲೋವ್ಯಾಟಿನ ಕಾಯಿಲ್ ನೀರು ಬೀಳುತ್ತಿದ್ದಂತೆಯೇ ಕಾಯಿಸುತ್ತಾ ಹೋಗುತ್ತದೆ. ಹದಿನೈದು ಲೀಟರಿನ ಬಕೆಟ್ ತುಂಬಲು ಹತ್ತು ನಿಮಿಷ. ನಾಲ್ಕು ಜನಕ್ಕೆ ನಲವತ್ತು. ವೋಲ್ಟೇಜ್ ಇಳಿದರೆ ಇನ್ನೂ ಜಾಸ್ತಿ. ಅದಕ್ಕೇ ನಾನು ಆರು ಗಂಟೆಗೆ ಎದ್ದು ಮೊದಲ ಬಕೆಟ್ ಇಟ್ಟೆ. ಒಬ್ಬರು ಹಲ್ಲುಜ್ಜುವಾಗ ಇನ್ನೊಬ್ಬರ ಬಕೆಟ್ ತುಂಬುತ್ತಿರಬೇಕು. ಕಡೆಗೆ ಸ್ನಾನ ಮಾಡಿದವರು ವೈಪರಿನಲ್ಲಿ ನೀರೆಳೆದು, ಎಕ್ಸಾಸ್ಟ್ ಫ್ಯಾನ್ ಹಾಕಿ, ಬಾಗಿಲೆಳೆದುಕೊಂಡೇ ಬರಬೇಕು. ಬಚ್ಚಲಿನ ಒದ್ದೆ ಕಾಲು ಹೊಸ್ತಿಲು ದಾಟಿದರೆ ಆ ಎರಡು ಟೈಲಿನ ಓಣಿ ಇಡೀ ದಿನ ಒಣಗುವುದಿಲ್ಲ.

ಕಾಟನ್ ಬಟ್ಟೆ ಏನು ಮಾಡುವುದು ಅನ್ನುವುದು ಉಳಿದಿತ್ತು. ಟವೆಲ್ಲುಗಳು, ಮಗನ ಚಡ್ಡಿ, ಮಳೆಯಲ್ಲಿ ನೆನೆದ ಜೀನ್ಸು. ನನ್ನ ತವರು ಹೊಸನಗರದ ಕಡೆ. ಅಲ್ಲಿ ಮಳೆಗಾಲವೆಲ್ಲ ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲೆ ಕಟ್ಟಿದ ಬಿದಿರ ಗಳದಲ್ಲಿ. ಇಷ್ಟು ದೊಡ್ಡ ರೆಸಾರ್ಟು, ಇಷ್ಟೊಂದು ಟವೆಲ್ಲು ದಿನಾ ಒಗೆಯುತ್ತಾರೆ, ಇವರು ಎಲ್ಲಿ ಒಣಗಿಸುತ್ತಾರೆ ಅಂತ ಯೋಚನೆ ಬಂತು. ರೂಮು ಗುಡಿಸಲು ಬಂದವಳನ್ನೇ ಕೇಳಿದೆ.

"ಬಾಯ್ಲರ್ ಹತ್ರ ಹಗ್ಗ ಕಟ್ಟಿದೀವಿ ಅಕ್ಕ. ನಮ್ ಯೂನಿಫಾರ್ಮೂ ಅಲ್ಲೇ ಹಾಕದು. ಆದ್ರೆ ಹೊಗೆ ವಾಸ್ನೆ ಬರ್ತದೆ, ಆಮೇಲೆ ನನ್ನ ಬೈಬೇಡಿ."

"ನಮ್ಮಮ್ಮನ ಮನೇಲಿ ಪಂಚಮಿಯಿಂದ ದೀಪಾವಳಿವರೆಗೂ ಅದೇ ವಾಸ್ನೆ ಕಣೆ, ಬಾ ತೋರ್ಸು" ಅಂದೆ.

ಅಡುಗೆ ಮನೆಯ ಹಿಂದೆ ಒಂದು ಶೆಡ್ಡು. ಸೌದೆ ಬಾಯ್ಲರು, ಅದರ ಮಗ್ಗುಲಲ್ಲಿ ಒಟ್ಟಿದ ಹಸಿ ಸೌದೆ, ಮೇಲೆ ನಾಲ್ಕು ಸಾಲು ನೈಲಾನ್ ಹಗ್ಗ. ಒಂದು ಸಾಲನ್ನು ಅವಳೇ ಸರಿಸಿ ಜಾಗ ಮಾಡಿಕೊಟ್ಟಳು. ನೀರಾಟದ ನೈಲಾನ್ ಬಟ್ಟೆಯನ್ನು ಮಾತ್ರ ಅಲ್ಲಿ ಹಾಕಲಿಲ್ಲ, ಕಾವಿಗೆ ಮುದುರಿ ಹೋಗುತ್ತದೆ. ಸಂಜೆ ಹಾಕಿದ ಜೀನ್ಸು ಬೆಳಗ್ಗೆ ಸೊಂಟಪಟ್ಟಿಯ ಹತ್ತಿರ ಬಿಟ್ಟರೆ ಗರಿಗರಿ. ಹೊರಡುವಾಗ ಅವಳ ಕೈಗೆ ಚೂರು ದುಡ್ಡು ಕೊಟ್ಟೆ. ಇಡೀ ಪ್ರವಾಸದಲ್ಲಿ ಮನಸಾರೆ ಖರ್ಚು ಮಾಡಿದ ದುಡ್ಡು ಅದು.

ಬಾಗಿಲಿನ ಹೊರಗೆ ಒಂದು ಸಣ್ಣ ಕಟ್ಟೆ ಇತ್ತು. ಚಪ್ಪಲಿ, ರೇನ್‌ಕೋಟು ಎಲ್ಲ ಅಲ್ಲಿಗೇ ನಿಂತವು, ಕೊಡೆಗಳು ಕಿಟಕಿಯ ಸರಳಿಗೆ. ಕಾಲು ನೋಡಿಕೊಂಡೇ ಒಳಗೆ ಬರಬೇಕು ಅಂತ ಕಟ್ಟಪ್ಪಣೆ ಮಾಡಿದ್ದೆ. ಹಗ್ಗದ ಸೇತುವೆಯ ಆಟ ಕಾಡಿನಂಚಿನಲ್ಲಿತ್ತು, ಹೋಗಿ ಬಂದವರಿಗೆಲ್ಲ ಉಂಬಳ, ಅಂದರೆ ಜಿಗಣೆ. ಮಗಳ ಬೆರಳ ಸಂದಿಯಲ್ಲಿ ಒಂದು ಸಿಕ್ಕಿತು. ಉಪ್ಪಿನ ಪೊಟ್ಟಣ ನನ್ನ ಪರ್ಸಿನಲ್ಲೇ ಇರುತ್ತದೆ, ಹಾಕಿದ ಕೂಡಲೇ ಬಿತ್ತು. ಆದರೆ ಉಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟಲು ಬಿಡದ ಅಂಶ ಇರುತ್ತದೆ, ಅದು ಬಿದ್ದ ಮೇಲೂ ತುಂಬ ಹೊತ್ತು ರಕ್ತ ಒಸರುತ್ತಲೇ ಇರುತ್ತದೆ. ಬಿಳಿ ಬೆಡ್‌ಶೀಟಿನ ಮೇಲೆ ಹತ್ತಿಸಿದರೆ ರೆಸಾರ್ಟಿನವರು ಬಿಡುತ್ತಾರಾ? ಹತ್ತಿ ಒತ್ತಿ, ಪ್ಲಾಸ್ಟರ್ ಸುತ್ತಿ, ಮೇಲೊಂದು ಸಾಕ್ಸ್ ಹಾಕಿಸಿದೆ.

ಮಲಗಿದ್ದು ಹೇಗೆ ಅಂತ ಕೊನೆಗೂ ಹೇಳಿಬಿಡುತ್ತೇನೆ. ಮಂಚಕ್ಕೆ ಅಡ್ಡಡ್ಡ. ನನ್ನ ಎತ್ತರ ಐದಡಿ ಎರಡಿಂಚು, ಆರಡಿಯ ಅಗಲ ನನಗೂ ಮಕ್ಕಳಿಗೂ ಸಾಕಾಯಿತು. ನಮ್ಮನೆಯವರು ಐದಡಿ ಒಂಬತ್ತು, ಕಾಲು ಹೊರಗೆ ಬರುತ್ತಿತ್ತು. ಅವರಿಗೆ ಆ ಎರಡು ಟೈಲಿನ ಓಣಿಯಲ್ಲಿ ಹಾಸಿಗೆ. ಎಕ್ಸ್‌ಟ್ರಾ ಬೆಡ್ ಅಂತ ಕೊಟ್ಟಿದ್ದು ತೆಳ್ಳನೆಯದು, ನೆಲದ ತಂಡಿ ನೇರ ಬೆನ್ನಿಗೆ. ಮನೆಯಿಂದ ಒಯ್ದ ಕರಿ ಕಂಬಳಿಯನ್ನು ಅದರ ಕೆಳಗೆ ಹಾಸಿದೆವು. ಕಂಬಳಿ ಹೊದೆಯುವುದಕ್ಕಿಂತ ಕೆಳಗೆ ಹಾಸಿದರೆ ಜಾಸ್ತಿ ಬೆಚ್ಚಗೆ ಅನ್ನುವುದು ಇಲ್ಲಿನ ಚಳಿ ಕಂಡವರಿಗೆ ಗೊತ್ತು. ಇದ್ದ ಒಂದೇ ಪ್ಲಗ್ ಟಿವಿಯ ಹಿಂದೆ, ಎಕ್ಸ್‌ಟೆನ್ಷನ್ ಬಾಕ್ಸ್ ಇಲ್ಲದೆ ಇಂಥ ಕಡೆ ಹೋಗಲೇಬೇಡಿ. ತಿಂಡಿಯನ್ನು ರೂಮಿಗೆ ತರಲಿಲ್ಲ. ರಾತ್ರಿ ಊಟ ಆದಮೇಲೆ ಊಟದ ಹಾಲಿನಲ್ಲೇ ಕೂತು ಚೌಕಾಬಾರ ಆಡಿ, ನಿದ್ದೆ ಬಂದಮೇಲೆ ರೂಮಿಗೆ ಬಂದೆವು.

ಜೋಗವನ್ನು ಬೇಕಂತಲೇ ಕೊನೆಗೆ ಇಟ್ಟುಕೊಂಡಿದ್ದೆವು, ರೂಮು ಖಾಲಿ ಮಾಡಿದ ಮೇಲೆ. 253 ಮೀಟರ್ ಮೇಲಿಂದ ಬೀಳುವ ನೀರಿನ ತುಂತುರು, ಅದರ ಮೇಲೆ ಮಳೆ. ಎಷ್ಟೇ ಕೊಡೆ ಹಿಡಿದರೂ ನೆನೆಯುವುದು ಖಾತ್ರಿ. ನೆನೆದು ರೂಮಿಗೆ ವಾಪಸ್ ಬರುವ ಬದಲು ಡಿಕ್ಕಿ ತೆರೆದು ಅಲ್ಲಿಯೇ ಒಣ ಅಂಗಿ ಹಾಕಿಕೊಂಡು ಮನೆ ಕಡೆ ಹೊರಡಬಹುದು. ಹೋದಾಗ ಮಂಜು ಮುಚ್ಚಿ ಏನೂ ಕಾಣಲಿಲ್ಲ. ಎಷ್ಟೋ ಜನ ಬೈದುಕೊಂಡು ತಿರುಗಿದರು. ಹುರಿದ ಜೋಳ ತಿನ್ನುತ್ತ ನಿಂತೆವು, ಒಂದು ಗಾಳಿ ಬಂತು, ರಾಜ ಮೊದಲು, ಆಮೇಲೆ ರೋರರ್, ರಾಕೆಟ್, ರಾಣಿ. ಎರಡು ನಿಮಿಷಕ್ಕೆ ಮತ್ತೆ ಮುಚ್ಚಿತು.

ಅತ್ತೆ ಈಗ ಮುಂದಿನ ಸಲ ನಾನೂ ಬರುತ್ತೇನೆ ಅನ್ನುತ್ತಿದ್ದಾರೆ. ಅವರ ಜೊತೆ ಈ ರೂಮು ಆಗುವುದಿಲ್ಲ. ನೆಲದಲ್ಲಿ ಹಾಸಿಗೆ ಇದ್ದರೆ ರಾತ್ರಿ ಬಚ್ಚಲಿಗೆ ಹೋಗಲು ದಾರಿಯೇ ಇರುವುದಿಲ್ಲ, ಮಂಡಿ ನೋವಿನವರು ಕೆಳಗೆ ಮಲಗಿದ ತಮ್ಮ ಮಗನನ್ನು ದಾಟಿಕೊಂಡು ಹೋಗಲಿಕ್ಕಾಗುತ್ತಾ? ತೊಟ್ಟಿಲ ಮಗು ಇರುವವರಿಗೂ ನಾನು ಬೇಡ ಅಂತಲೇ ಹೇಳುತ್ತೇನೆ, ಮಳೆಗಾಲದಲ್ಲಿ ಅಷ್ಟು ಬಟ್ಟೆ ಒಣಗಿಸಲು ಯಾವ ಬಾಯ್ಲರೂ ಸಾಲದು. ಅತ್ತೆ ಬರುವುದಾದರೆ ಅಕ್ಕಪಕ್ಕದ ಎರಡು ಚಿಕ್ಕ ರೂಮು ತಗೊಳ್ಳುವುದು ಅಂತ ಲೆಕ್ಕ ಹಾಕಿದ್ದೇವೆ. ಎರಡು ಸೇರಿದರೂ ಕಾಟೇಜಿಗಿಂತ ಕಮ್ಮಿ, ಬಚ್ಚಲು ಎರಡು, ಗೀಸರು ಎರಡು. ಬೆಳಗಿನ ಸಾಲು ಮೂವತ್ತು ನಿಮಿಷಕ್ಕೆ ಇಳಿಯುತ್ತದೆ.