ಟೀಮ್ ಊಟಕ್ಕೆ ಒಂದೇ ಟೇಬಲ್ ಸಿಕ್ಕಿದ್ದು ಹೀಗೆ

ನಮ್ಮ ಟೀಮ್‌ನಲ್ಲಿ 14 ಜನ. ರಾತ್ರಿ ಊಟಕ್ಕೆ ಹೋಟೆಲ್ ಹುಡುಕುವ ಕೆಲಸ ನನ್ನದು. ಆ್ಯಪ್‌ನಲ್ಲಿ 8 ಜನಕ್ಕಿಂತ ಜಾಸ್ತಿ ಬುಕ್ ಮಾಡಲು ಆಗಲಿಲ್ಲ. ಎರಡು ಸಲ ಬುಕ್ ಮಾಡಬಹುದಿತ್ತು. ಆದರೆ ಟೇಬಲ್‌ಗಳು ಪಕ್ಕಪಕ್ಕದಲ್ಲೇ ಸಿಗಬೇಕಲ್ವಾ?

ಸುಮ್ನೆ ಹೋಟೆಲ್‌ನವರಿಗೇ ಫೋನ್ ಮಾಡಿದೆ. ಮಧ್ಯಾಹ್ನದ ಗಲಾಟೆ ಮುಗಿದ ಮೇಲೆ, ಸುಮಾರು 4 ಗಂಟೆಗೆ. ಆ ಹೊತ್ತಿಗೆ ಅವರಿಗೂ ಮಾತಾಡಲು ಪುರುಸೊತ್ತು ಇರುತ್ತದೆ. ಒಂದೇ ಉದ್ದ ಟೇಬಲ್ ಸಿಗುತ್ತಾ, ಹಾಡಿನ ಸದ್ದು ಎಷ್ಟು, ಇಬ್ಬರು ಬಾರದಿದ್ದರೆ ಅಡ್ವಾನ್ಸ್ ಏನಾಗುತ್ತೆ, ಬಿಲ್ ಕಂಪನಿ ಹೆಸರಿಗೆ ಕೊಡ್ತಾರಾ, ಎಲ್ಲ ಕೇಳಿದೆ. ಒಪ್ಪಿದ್ದನ್ನು ಮೆಸೇಜ್‌ನಲ್ಲಿ ಬರೆಸಿಕೊಂಡೆ.

ಫೋನ್‌ಗೂ ಮೊದಲು ಮಾಡಿದ ಕೆಲಸವೇ ನನಗೆ ಹೆಚ್ಚು ಮುಖ್ಯ ಅನಿಸುತ್ತದೆ. 'ಎಲ್ಲಿಗೆ ಹೋಗೋಣ' ಅಂತ ಗ್ರೂಪ್‌ನಲ್ಲಿ ಕೇಳಿದರೆ 14 ಉತ್ತರ ಬರುತ್ತಿತ್ತು. ಅದರ ಬದಲು ಒಬ್ಬೊಬ್ಬರನ್ನೇ ಕೇಳಿದೆ: ಏನು ತಿನ್ನುವುದಿಲ್ಲ, ಎಷ್ಟು ಹೊತ್ತಿಗೆ ಹೊರಡಬೇಕು? ಆಗಲೇ ಒಬ್ಬರು ತಮಗೆ ಕಡಲೆಕಾಯಿ ಅಲರ್ಜಿ ಇದೆ ಅಂದರು. ಎರಡು ವರ್ಷ ಜೊತೆಗಿದ್ದರೂ ನನಗೆ ಗೊತ್ತಿರಲಿಲ್ಲ. ಅಡುಗೆಯವರು ಬೇರೆ ಪಾತ್ರೆಯಲ್ಲಿ ಮಾಡಿಕೊಡಲು ಒಪ್ಪಿದ ಮೇಲೆಯೇ ಅಡ್ವಾನ್ಸ್ ಕಟ್ಟಿದೆ.

ಹಿಂದಿನ ದಿನ ಮತ್ತೆ ಫೋನ್ ಮಾಡಿ, ಬರುವವರು 13 ಜನ ಅಂತ ತಿಳಿಸಿದೆ. ನಾವು ಹೋದಾಗ ಒಳಗಿನ ಮೂಲೆಯಲ್ಲಿ ಉದ್ದ ಟೇಬಲ್ ಹಾಕಿಟ್ಟಿದ್ದರು.